ಭಾರತ ಹಾಕಿಯಲ್ಲಿ ಕೋಚ್‌ಗಳ ತಲೆದಂಡ

2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದ 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದ ಪುರುಷರ ಹಾಕಿ ತಂಡಕ್ಕೆ ಹತ್ತಕ್ಕೂ ಹೆಚ್ಚು ಮುಖ್ಯ ಕೋಚ್‌ಗಳು ಬಂದುಹೋದರು. ಜರ್ಮನಿ, ಸ್ಪೇನ್, ಆಸ್ಟ್ರೇಲಿಯಾ, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾ ಹೀಗೆ ಹಲವು ದೇಶಗಳವರು ಈ ಹುದ್ದೆಯಲ್ಲಿ ಕುಳಿತೆದ್ದರು. ನಡುನಡುವೆ ಭಾರತದ ಮಾಜಿ ಆಟಗಾರರೂ ಬಂದರು. ತಂಡ ಸೋತಾಗಲೆಲ್ಲ ಅಭಿಮಾನಿಗಳಲ್ಲಿ ಅದೇ ವಾದ ಮತ್ತೆ ಹುಟ್ಟುತ್ತದೆ. ತಪ್ಪು ಕೋಚ್‌ನದೋ, ಆಯ್ಕೆ ಸಮಿತಿಯದೋ, ಒಕ್ಕೂಟವನ್ನು ನಡೆಸುವವರದೋ? ವಿದೇಶಿ ಕೋಚ್ ಬೇಕೋ, ನಮ್ಮವರೇ ಸಾಕೋ? ಕಡೆಗೆ ಬಹುಮಟ್ಟಿಗೆ ಕೋಚ್‌ನ ತಲೆದಂಡದಲ್ಲಿ ಮಾತು ಮುಗಿಯುತ್ತದೆ. ಈ ಕಾಲದ ದಾಖಲೆಯನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೋಚ್ ಯಾರು ಎಂಬುದರ ಮೇಲೆ ನಡೆದಷ್ಟು ಚರ್ಚೆ, ಆ ಕೋಚ್‌ಗೆ ಎಷ್ಟು ಕಾಲ ಮತ್ತು ಎಷ್ಟು ಅಧಿಕಾರ ಸಿಕ್ಕಿತು ಎಂಬುದರ ಮೇಲೆ ನಡೆದಿಲ್ಲ. ತಂಡದ ಫಲಿತಾಂಶ ನಿಂತಿರುವುದು ಹೆಚ್ಚಾಗಿ ಈ ಎರಡನೆಯದರ ಮೇಲೆ.

ಇಂದಿನ ಹಾಕಿಯಲ್ಲಿ ಕೋಚ್‌ನ ಪಾತ್ರ ಇಷ್ಟು ದೊಡ್ಡದಾದದ್ದಕ್ಕೆ ಆಟ ಬದಲಾದ ರೀತಿಯೇ ಕಾರಣ. ಹುಲ್ಲಿನ ಮೈದಾನದಲ್ಲಿ ಆಡುತ್ತಿದ್ದ ಕಾಲಕ್ಕೆ ಚೆಂಡಿನ ಮೇಲೆ ಹಿಡಿತವಿದ್ದ ಆಟಗಾರ ಪಂದ್ಯವನ್ನು ತಾನೇ ನಡೆಸಬಲ್ಲವನಾಗಿದ್ದ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಒಂದು ವರ್ಷದ ಹಿಂದಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಟರ್ಫ್ ಮೇಲೆ ಚೆಂಡಿನ ವೇಗ ಹೆಚ್ಚು, ಓಟವೂ ಹೆಚ್ಚು. ಈಗ ಪಂದ್ಯ ತಲಾ 15 ನಿಮಿಷದ ನಾಲ್ಕು ಕ್ವಾರ್ಟರ್‌ಗಳಲ್ಲಿ ನಡೆಯುತ್ತದೆ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಬದಲಿಸಬಹುದು. ಮುಂಚೂಣಿಯ ಆಟಗಾರ ಕೆಲವೇ ನಿಮಿಷ ಪೂರ್ಣ ವೇಗದಲ್ಲಿ ಓಡಿ ಹೊರಬರುತ್ತಾನೆ, ದಣಿವಾರಿಸಿಕೊಂಡು ಮತ್ತೆ ಒಳಹೋಗುತ್ತಾನೆ. ಯಾರು ಯಾವಾಗ ಹೊರಬರಬೇಕು, ಪೆನಾಲ್ಟಿ ಕಾರ್ನರ್ ಸಿಕ್ಕ ಹೊತ್ತಿನಲ್ಲಿ ಡ್ರ್ಯಾಗ್ ಫ್ಲಿಕ್ ಮಾಡುವವನು ಮೈದಾನದಲ್ಲಿ ಇದ್ದಾನೆಯೇ, ಎದುರಾಳಿಯ ಗೋಲ್‌ಕೀಪರ್ ಯಾವ ಕಡೆಗೆ ವಾಲುತ್ತಾನೆ ಎಂಬ ಲೆಕ್ಕಗಳೆಲ್ಲ ಬೆಂಚಿನಲ್ಲೂ ವಿಡಿಯೊ ವಿಶ್ಲೇಷಕರ ಮೇಜಿನಲ್ಲೂ ನಡೆಯುತ್ತವೆ. ಇಂಥ ಆಟವನ್ನು ಕಲಿಸಲು ತಿಂಗಳುಗಳು ಸಾಲವು, ವರ್ಷಗಳು ಬೇಕು.

ಭಾರತದಲ್ಲಿ ಆ ಕೋಚ್‌ನನ್ನು ನೇಮಿಸುವವರು ಯಾರು, ತೆಗೆಯುವವರು ಯಾರು ಎಂಬುದೇ ಅಭಿಮಾನಿಗಳ ಚರ್ಚೆಯಲ್ಲಿ ಹೆಚ್ಚಾಗಿ ಮರೆಯಾಗುವ ವಿಷಯ. ತಂಡವನ್ನು ನಡೆಸುವುದು 2009ರಲ್ಲಿ ಸ್ಥಾಪನೆಯಾದ ಹಾಕಿ ಇಂಡಿಯಾ. ಆದರೆ ವಿದೇಶಿ ಕೋಚ್‌ಗಳ ಸಂಬಳ ಬರುವುದು ಸರ್ಕಾರದ ಭಾರತೀಯ ಕ್ರೀಡಾ ಪ್ರಾಧಿಕಾರದಿಂದ, ಅಂದರೆ ಸಾಯ್‌ನಿಂದ. ತರಬೇತಿ ಶಿಬಿರ, ವಿದೇಶ ಪ್ರವಾಸಗಳ ಖರ್ಚಿಗೂ ಸರ್ಕಾರದ ಒಪ್ಪಿಗೆ ಬೇಕು. 2018ರಿಂದ ಒಡಿಶಾ ಸರ್ಕಾರ ರಾಷ್ಟ್ರೀಯ ತಂಡಗಳ ಪ್ರಾಯೋಜಕನಾಗಿದೆ. ಇವರ ನಡುವೆ ಹೈ ಪರ್ಫಾರ್ಮೆನ್ಸ್ ಡೈರೆಕ್ಟರ್ ಎಂಬ ಹುದ್ದೆಯೊಂದಿದೆ, ಆಯ್ಕೆ ಸಮಿತಿ ಬೇರೆಯೇ ಇದೆ. ಕೊಡಗಿನ ಒಲಿಂಪಿಯನ್ ಬಿ.ಪಿ. ಗೋವಿಂದ ಅವರು ಆ ಸಮಿತಿಯ ಮುಖ್ಯಸ್ಥರಾಗಿದ್ದವರು. ಹೀಗೆ ಸಂಬಳ ಕೊಡುವವರು ಒಬ್ಬರು, ಆದೇಶ ಕೊಡುವವರು ಇನ್ನೊಬ್ಬರು, ತಂಡವನ್ನು ಅಂತಿಮಗೊಳಿಸುವವರು ಮತ್ತೊಬ್ಬರು. ಸೋಲಿಗೆ ಉತ್ತರ ಹೇಳಬೇಕಾದವನು ಮಾತ್ರ ಒಬ್ಬನೇ.

ಈ ರೋಗ ಹಾಕಿ ಇಂಡಿಯಾಗಿಂತ ಹಳೆಯದು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತ 32 ವರ್ಷಗಳ ನಂತರ ಚಿನ್ನ ಗೆದ್ದಿತು. ಧನರಾಜ್ ಪಿಳ್ಳೈ ನಾಯಕ, ಎಂ.ಕೆ. ಕೌಶಿಕ್ ಕೋಚ್. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ ಟೈಬ್ರೇಕರ್‌ಗೆ ಹೋದಾಗ ಗೋಲಿಗೆ ಅಡ್ಡ ನಿಂತು ತಂಡವನ್ನು ಉಳಿಸಿದವರು ಬೆಂಗಳೂರಿನ ಆಶಿಶ್ ಬಲ್ಲಾಳ್. ಅಂದಿನ ಭಾರತೀಯ ಹಾಕಿ ಫೆಡರೇಷನ್ ಅದರ ಬೆನ್ನಿಗೇ ಮಾಡಿದ್ದೇನು? ಧನರಾಜ್, ಬಲ್ಲಾಳ್ ಸೇರಿದಂತೆ ಹಿರಿಯ ಆಟಗಾರರನ್ನು ತಂಡದಿಂದ ಹೊರಗಿಟ್ಟಿತು. ಕೌಶಿಕ್ ಅವರನ್ನೂ ತೆಗೆಯಿತು. ಗೆದ್ದ ತಂಡವನ್ನೇ ಒಡೆದ ಈ ತೀರ್ಮಾನವನ್ನು ಬೆಂಗಳೂರು, ಕೊಡಗಿನ ಹಾಕಿ ಪ್ರಿಯರು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕಾದ ಕಾರಣವೂ ಇಲ್ಲ.

2004ರಲ್ಲಿ ಅಥೆನ್ಸ್‌ಗೆ ತಿಂಗಳಷ್ಟೇ ಉಳಿದಿದ್ದಾಗ ಕೋಚ್ ರಾಜಿಂದರ್ ಸಿಂಗ್ ಅವರನ್ನು ತೆಗೆದು ಜರ್ಮನಿಯ ಗೆರ್ಹಾರ್ಡ್ ರಾಖ್ ಅವರನ್ನು ತರಲಾಯಿತು. ರಾಜಿಂದರ್ 2001ರಲ್ಲಿ ಭಾರತಕ್ಕೆ ಜೂನಿಯರ್ ವಿಶ್ವಕಪ್ ಗೆದ್ದುಕೊಟ್ಟವರು. ರಾಖ್‌ಗೆ ಆಟಗಾರರ ಪರಿಚಯವಾಗುವಷ್ಟರಲ್ಲಿ ಒಲಿಂಪಿಕ್ಸ್ ಮುಗಿದಿತ್ತು, ಭಾರತ ಏಳನೆಯ ಸ್ಥಾನದಲ್ಲಿತ್ತು. 2008ರಲ್ಲಿ ಇನ್ನೂ ಕೆಟ್ಟ ಸುದ್ದಿ ಬಂತು. ಜೋಕಿಂ ಕಾರ್ವಾಲೊ ಕೋಚ್ ಆಗಿದ್ದಾಗ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಅರ್ಹತಾ ಟೂರ್ನಿಯ ಫೈನಲ್‌ನಲ್ಲಿ ಭಾರತ ಬ್ರಿಟನ್‌ಗೆ 0-2ರಿಂದ ಸೋತಿತು. 1928ರಿಂದ ಒಂದು ಒಲಿಂಪಿಕ್ಸನ್ನೂ ತಪ್ಪಿಸಿಕೊಳ್ಳದಿದ್ದ ದೇಶ ಬೀಜಿಂಗ್‌ಗೆ ಹೋಗಲಿಲ್ಲ. ಆಸ್ಟ್ರೇಲಿಯಾದ ರಿಕ್ ಚಾರ್ಲ್ಸ್‌ವರ್ತ್ ಅವರಂಥ ಜಗತ್ತಿನ ಶ್ರೇಷ್ಠ ಕೋಚ್ ಆಗ ತಾಂತ್ರಿಕ ಸಲಹೆಗಾರರಾಗಿ ಭಾರತದಲ್ಲೇ ಇದ್ದರು. ಅವರ ಕೈಗೆ ಕೆಲಸವನ್ನೇ ಒಪ್ಪಿಸಲಿಲ್ಲ. ಕೆಲವೇ ತಿಂಗಳಲ್ಲಿ ಬೇಸತ್ತು ರಾಜೀನಾಮೆ ಕೊಟ್ಟು ಹೋದರು. ತಮ್ಮ ದೇಶಕ್ಕೆ ಹಿಂದಿರುಗಿ ಆಸ್ಟ್ರೇಲಿಯಾದ ಪುರುಷರ ತಂಡಕ್ಕೆ 2010ರ ವಿಶ್ವಕಪ್ ಗೆಲ್ಲಿಸಿದರು. ಆ ಟೂರ್ನಿ ನಡೆದದ್ದು ದೆಹಲಿಯಲ್ಲಿ. ಸಿಕ್ಕ ಗುರುವನ್ನು ಕಳೆದುಕೊಳ್ಳುವುದೆಂದರೆ ಏನೆಂಬುದನ್ನು ಭಾರತದ ಅಭಿಮಾನಿಗಳು ತಮ್ಮ ನೆಲದಲ್ಲೇ ಕಂಡರು.

2008ರ ಏಪ್ರಿಲ್‌ನಲ್ಲಿ ಆಟಗಾರನ ಆಯ್ಕೆಗೆ ಹಣ ಪಡೆದ ಆರೋಪದ ಟಿ.ವಿ. ವರದಿ ಹೊರಬಿದ್ದ ಮೇಲೆ ಭಾರತೀಯ ಒಲಿಂಪಿಕ್ ಸಂಸ್ಥೆ ಹಳೆಯ ಫೆಡರೇಷನ್ನನ್ನು ಅಮಾನತುಗೊಳಿಸಿತು. ಮರುವರ್ಷ ಹಾಕಿ ಇಂಡಿಯಾ ಬಂತು. ಆಡಳಿತ ಬದಲಾದರೂ ಅಭ್ಯಾಸ ಬದಲಾಗಲಿಲ್ಲ. ಸ್ಪೇನಿನ ಜೋಸ್ ಬ್ರಾಸಾ 2009ರಲ್ಲಿ ಬಂದು 2010ರ ಕೊನೆಗೆ ಹೋದರು. ಅವರ ಕಾಲದಲ್ಲಿಯೇ, 2010ರ ಜನವರಿಯಲ್ಲಿ, ವಿಶ್ವಕಪ್ ಹೊಸ್ತಿಲಲ್ಲಿರುವಾಗ ಬಾಕಿ ಹಣ ಕೇಳಿ ಆಟಗಾರರು ಪುಣೆಯ ಶಿಬಿರದಲ್ಲಿ ಅಭ್ಯಾಸ ನಿಲ್ಲಿಸಿದರು. ದೇಶವಿಡೀ ಅವರ ಪರ ನಿಂತಿತು. ನಂತರ ಬಂದ ಮೈಕೆಲ್ ನಾಬ್ಸ್ ಭಾರತವನ್ನು ಲಂಡನ್ ಒಲಿಂಪಿಕ್ಸ್‌ಗೆ ಅರ್ಹಗೊಳಿಸಿದರೂ ಅಲ್ಲಿ ತಂಡ 12ನೆಯ, ಅಂದರೆ ಕಟ್ಟಕಡೆಯ ಸ್ಥಾನ ಪಡೆಯಿತು.

ಮುಂದಿನ ಎರಡು ಪ್ರಕರಣಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟೆರಿ ವಾಲ್ಶ್ 2013ರಲ್ಲಿ ಬಂದರು. ಅವರ ಕೈಕೆಳಗೆ ಭಾರತ 2014ರ ಇಂಚೆನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಮಣಿಸಿ ಚಿನ್ನ ಗೆದ್ದು ರಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆಯಿತು. ಚಿನ್ನದ ಸಂಭ್ರಮ ಆರುವ ಮೊದಲೇ ವಾಲ್ಶ್ ರಾಜೀನಾಮೆ ಕೊಟ್ಟರು. ಕ್ರೀಡಾ ಅಧಿಕಾರಶಾಹಿಯ ತೀರ್ಮಾನದ ಶೈಲಿಗೆ ಹೊಂದಿಕೊಳ್ಳಲಾಗುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಒಪ್ಪಂದದ ಮಾತುಕತೆ ಮುರಿದುಬಿತ್ತು. ಅವರ ಜಾಗಕ್ಕೆ 2015ರ ಆರಂಭದಲ್ಲಿ ನೆದರ್ಲೆಂಡ್ಸ್‌ನ ಪಾಲ್ ವಾನ್ ಆಸ್ ಬಂದರು. ಆರು ತಿಂಗಳಲ್ಲಿ ಅವರೂ ಹೋದರು. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಮಲೇಷ್ಯಾ ವಿರುದ್ಧದ ಪಂದ್ಯ ಮುಗಿದ ಮೇಲೆ ಹಾಕಿ ಇಂಡಿಯಾ ಅಧ್ಯಕ್ಷ ನರಿಂದರ್ ಬಾತ್ರಾ ಮೈದಾನಕ್ಕೇ ಇಳಿದು ಆಟಗಾರರಿಗೆ ಮಾತು ಹೇಳಿದರು. ಅದು ಭಾರತ ಗೆದ್ದ ಪಂದ್ಯ. ಆಟಗಾರರ ಜೊತೆ ಮಾತಾಡುವುದು ಕೋಚ್‌ನ ಕೆಲಸವೆಂದು ವಾನ್ ಆಸ್ ಅಡ್ಡಬಂದರು. ವಾಗ್ವಾದ ನಡೆಯಿತು. ಕೆಲವೇ ವಾರಗಳಲ್ಲಿ ಹಿಮಾಚಲದ ಶಿಲಾರೂ ಶಿಬಿರಕ್ಕೆ ಅವರು ಬರಲಿಲ್ಲ. ತಮ್ಮನ್ನು ತೆಗೆದುಹಾಕಿದ್ದಾರೆಂದು ಅವರು ಹೇಳಿದರೆ, ಶಿಬಿರಕ್ಕೆ ಬಾರದೆ ತಾವೇ ಹೋದರೆಂದು ಒಕ್ಕೂಟ ಹೇಳಿತು. ಯಾರ ಮಾತು ನಿಜವಾದರೂ, ಒಲಿಂಪಿಕ್ಸ್‌ಗೆ ಒಂದು ವರ್ಷ ಉಳಿದಿರುವಾಗ ತಂಡ ಮತ್ತೊಮ್ಮೆ ಕೋಚ್ ಇಲ್ಲದೆ ನಿಂತಿತು.

ಆ ಸಮಯದಲ್ಲಿ ಹೊಣೆ ಹೊತ್ತವರು ಹೈ ಪರ್ಫಾರ್ಮೆನ್ಸ್ ಡೈರೆಕ್ಟರ್ ಆಗಿದ್ದ ರೋಲಂಟ್ ಓಲ್ಟ್‌ಮನ್ಸ್. ರಿಯೊದಲ್ಲಿ ಭಾರತ ಎಂಟನೆಯದಾಯಿತು, ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂಗೆ 1-3ರಿಂದ ಸೋತಿತು. ಸಂಖ್ಯೆ ಸಾಧಾರಣವಾಗಿ ಕಂಡರೂ ದೊಡ್ಡ ತಂಡಗಳ ಎದುರು ಪಂದ್ಯದ ಕೊನೆಯವರೆಗೂ ನಿಲ್ಲುವ ದೇಹಬಲ ತಂಡಕ್ಕೆ ಬಂದದ್ದು ಓಲ್ಟ್‌ಮನ್ಸ್ ಕಾಲದಲ್ಲಿ. 2017ರ ಸೆಪ್ಟೆಂಬರ್‌ನಲ್ಲಿ ಅವರನ್ನು ತೆಗೆದರು. ಮುಂದೆ ನಡೆದದ್ದು ಈ ಇಪ್ಪತ್ತು ವರ್ಷಗಳಲ್ಲಿಯೇ ಅತ್ಯಂತ ವಿಚಿತ್ರ ತೀರ್ಮಾನ. ಮಹಿಳಾ ತಂಡದ ಕೋಚ್ ಶೋರ್ಡ್ ಮರೈನ್ ಅವರನ್ನು ಪುರುಷರ ತಂಡಕ್ಕೆ ತಂದರು. ಈ ಸುದ್ದಿ ಮೊದಲು ಹೊರಬಂದದ್ದು ಕ್ರೀಡಾ ಸಚಿವರ ಟ್ವೀಟ್‌ನಲ್ಲಿ. ಲಖನೌನಲ್ಲಿ 2016ರ ಜೂನಿಯರ್ ವಿಶ್ವಕಪ್ ಗೆಲ್ಲಿಸಿದ್ದ ಹರೇಂದ್ರ ಸಿಂಗ್ ಅವರನ್ನು ಮಹಿಳಾ ತಂಡಕ್ಕೆ ಕಳಿಸಿದರು. ಮರೈನ್ ಬಂದ ಕೂಡಲೇ ಪುರುಷರು ಢಾಕಾದಲ್ಲಿ ಏಷ್ಯಾಕಪ್ ಗೆದ್ದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಬಂದದ್ದೇ ತಡ, ಇಬ್ಬರನ್ನೂ ಮತ್ತೆ ಅದಲುಬದಲು ಮಾಡಿದರು.

ಕೋಚ್‌ಗೆ ಕಾಲ ಕೊಡಬೇಕೆಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಮರೈನ್ ಒಬ್ಬರೇ, ಅವರಿಗೆ ಸಿಕ್ಕ ಅವಧಿ ಎರಡು ಬಗೆಯದು. ಪುರುಷರ ತಂಡದಲ್ಲಿ ಅವರಿಗೆ ಎಂಟು ತಿಂಗಳು ಸಿಕ್ಕಿತು, ವಿಫಲನೆಂಬ ಹಣೆಪಟ್ಟಿ ಅಂಟಿತು. ಮಹಿಳಾ ತಂಡಕ್ಕೆ ಹಿಂದಿರುಗಿದ ಮೇಲೆ ಮೂರು ವರ್ಷ ಸಿಕ್ಕಿತು. ಟೋಕಿಯೊದಲ್ಲಿ ಅದೇ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಭಾರತದ ಮಹಿಳೆಯರು ಒಲಿಂಪಿಕ್ಸ್ ಸೆಮಿಫೈನಲ್ ಆಡಿದ್ದು ಅದೇ ಮೊದಲು. ಹರೇಂದ್ರ ಅವರ ಕಥೆ ಇದರ ತಿರುವು. ಅವರ ತಂಡ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದು, ಭುವನೇಶ್ವರದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ಗೆ 1-2ರಿಂದ ಸೋತಿತು. 2019ರ ಜನವರಿಯಲ್ಲಿ ಅವರನ್ನೂ ತೆಗೆದರು.

ಆಯ್ಕೆಯ ವಿಚಾರದಲ್ಲಿ ಅಭಿಮಾನಿಗಳ ವಾದ ಇನ್ನಷ್ಟು ಬಿಸಿ. ಒಲಿಂಪಿಕ್ಸ್ ತಂಡದಲ್ಲಿ 16 ಜನರಿಗಷ್ಟೇ ಜಾಗ. ಡ್ರ್ಯಾಗ್ ಫ್ಲಿಕ್ ಬಲ್ಲವರು ಎಷ್ಟು ಜನ ಬೇಕು, ಅನುಭವಿಯನ್ನು ಇಟ್ಟುಕೊಳ್ಳಬೇಕೋ ಎಳೆಯನನ್ನು ಕರೆದೊಯ್ಯಬೇಕೋ ಎಂಬ ಪ್ರಶ್ನೆಗೆ ಎಲ್ಲರನ್ನೂ ಒಪ್ಪಿಸುವ ಉತ್ತರವಿಲ್ಲ. ಹರೇಂದ್ರ ನಂತರ ಕೋಚ್ ಆದ ಗ್ರಹಾಂ ರೀಡ್ ಆರಿಸಿದ ಟೋಕಿಯೊ ತಂಡದಲ್ಲಿ ಕೊಡಗಿನ ಎಸ್.ವಿ. ಸುನಿಲ್ ಇರಲಿಲ್ಲ, ಆಕಾಶ್‌ದೀಪ್ ಸಿಂಗ್ ಇರಲಿಲ್ಲ. ಇಬ್ಬರ ಪರವೂ ಗಟ್ಟಿ ದನಿ ಎದ್ದಿತು. ಅದೇ ತಂಡದ ಮೀಸಲು ಆಟಗಾರ ಸಿಮ್ರನ್‌ಜೀತ್ ಸಿಂಗ್. ಕೋವಿಡ್ ಕಾರಣಕ್ಕೆ ಮೀಸಲು ಆಟಗಾರರನ್ನೂ ಆಡಿಸಬಹುದೆಂದು ನಿಯಮ ಸಡಿಲಗೊಂಡಿರದಿದ್ದರೆ ಅವರು ಗ್ಯಾಲರಿಯಲ್ಲಿ ಕೂರಬೇಕಾಗಿತ್ತು. 2021ರ ಆಗಸ್ಟ್ 5ರಂದು ಜರ್ಮನಿ ವಿರುದ್ಧದ ಕಂಚಿನ ಪಂದ್ಯದಲ್ಲಿ ಭಾರತ 1-3ರಿಂದ ಹಿಂದಿತ್ತು. ಕಡೆಗೆ 5-4ರಿಂದ ಗೆದ್ದಾಗ ಆ ಐದರಲ್ಲಿ ಎರಡು ಗೋಲು ಸಿಮ್ರನ್‌ಜೀತ್ ಅವರದು. ಪಂದ್ಯ ಮುಗಿಯಲು ಕೆಲವೇ ಸೆಕೆಂಡು ಇರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು, ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ತಡೆದರು. 41 ವರ್ಷಗಳ ನಂತರ ಒಲಿಂಪಿಕ್ ಪದಕ ಬಂತು. ಆಯ್ಕೆಯ ಸರಿತಪ್ಪನ್ನು ಕಾಗದದ ಮೇಲಿನ ಪಟ್ಟಿ ನೋಡಿ ತೀರ್ಪು ಕೊಡುವವರು ಈ ಪಂದ್ಯವನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು.

ರೀಡ್ 2019ರ ಏಪ್ರಿಲ್‌ನಲ್ಲಿ ಬಂದವರು. ಟೋಕಿಯೊ ಒಂದು ವರ್ಷ ಮುಂದೆ ಹೋದದ್ದರಿಂದ ಅವರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿತು. 2020ರ ಲಾಕ್‌ಡೌನ್‌ನಲ್ಲಿ ತಂಡ ಬೆಂಗಳೂರಿನ ಸಾಯ್ ಆವರಣದಲ್ಲೇ ತಿಂಗಳುಗಟ್ಟಲೆ ಉಳಿಯಿತು. 2023ರ ವಿಶ್ವಕಪ್‌ನಲ್ಲಿ ಮಾತ್ರ ನ್ಯೂಜಿಲೆಂಡ್ ಎದುರು ಶೂಟೌಟ್‌ನಲ್ಲಿ ಸೋತು ಭಾರತ ಕ್ವಾರ್ಟರ್ ಫೈನಲ್ಲನ್ನೂ ತಲುಪಲಿಲ್ಲ. ಒತ್ತಡ ನಿಭಾಯಿಸಲು ತಂಡಕ್ಕೆ ಮನೋಬಲದ ತರಬೇತುದಾರ ಬೇಕೆಂಬ ಮಾತು ಆಗ ಜೋರಾಗಿ ಕೇಳಿಬಂತು. ರೀಡ್ ಹುದ್ದೆ ಬಿಟ್ಟರು. ಅವರ ನಂತರ ಬಂದ ಕ್ರೇಗ್ ಫುಲ್ಟನ್ ಕಾಲದಲ್ಲಿ, 2011ರ ಕ್ರಿಕೆಟ್ ವಿಶ್ವಕಪ್ ತಂಡದೊಂದಿಗೆ ಇದ್ದ ಮನೋಬಲದ ತರಬೇತುದಾರ ಪ್ಯಾಡಿ ಅಪ್ಟನ್ ಹಾಕಿ ತಂಡವನ್ನು ಸೇರಿಕೊಂಡರು. ಅಭಿಮಾನಿಗಳು ಎತ್ತಿದ ಬೇಡಿಕೆಯೊಂದು ಈ ಬಾರಿ ಈಡೇರಿತು.

ವಿದೇಶಿಯೋ ಸ್ವದೇಶಿಯೋ ಎಂಬ ವಾದದಲ್ಲಿ ಎರಡು ಕಡೆಗೂ ಆಧಾರವಿದೆ. ಕೌಶಿಕ್, ರಾಜಿಂದರ್, ಹರೇಂದ್ರ ಗೆದ್ದುಕೊಟ್ಟಿದ್ದಾರೆ. ಅವರಿಗೆ ವಿದೇಶಿಯರಿಗೆ ಸಿಗುವ ಸಂಬಳವಾಗಲಿ ಸಿಬ್ಬಂದಿಯಾಗಲಿ ಸಿಗಲಿಲ್ಲ ಎಂಬ ದೂರಿನಲ್ಲಿ ಹುರುಳಿದೆ. ಇನ್ನೊಂದು ಕಡೆ, ಕಳೆದ ಎರಡು ಒಲಿಂಪಿಕ್ ಪದಕಗಳೂ ವಿದೇಶಿ ಕೋಚ್‌ಗಳ ಕೈಕೆಳಗೆ ಬಂದಿವೆ. ಪಾಸ್‌ಪೋರ್ಟ್‌ನಿಂದ ಇದು ತೀರ್ಮಾನವಾಗುವುದಿಲ್ಲ. ವಿದೇಶಿ ಮುಖ್ಯ ಕೋಚ್‌ನ ಜೊತೆ ಭಾರತೀಯ ಸಹಾಯಕರು ನಾಲ್ಕಾರು ವರ್ಷ ಕೆಲಸ ಮಾಡಿ ಆ ವಿದ್ಯೆ ಇಲ್ಲೇ ಉಳಿಯುವಂತಾಗಬೇಕು. ಪ್ಯಾರಿಸ್ ನಂತರ ನಿವೃತ್ತರಾದ ಶ್ರೀಜೇಶ್ ಅವರಿಗೆ ಕೂಡಲೇ ಜೂನಿಯರ್ ತಂಡವನ್ನು ಒಪ್ಪಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. 2024ರ ಕೊನೆಯಲ್ಲಿ ಅವರ ಹುಡುಗರು ಜೂನಿಯರ್ ಏಷ್ಯಾಕಪ್ ಗೆದ್ದರು.

ಕೋಚ್‌ಗಳ ವಿಷಯ ಹೀಗಾದರೆ, ಆಟಗಾರರ ಒಪ್ಪಂದಗಳ ಸ್ಥಿತಿ ಕ್ರಿಕೆಟ್‌ಗಿಂತ ಪೂರ್ತಿ ಬೇರೆ. ಹಾಕಿ ಆಟಗಾರನ ಜೀವನ ನಿಂತಿರುವುದು ರೈಲ್ವೆ, ಪೊಲೀಸ್, ಸೇನೆ, ತೈಲ ಕಂಪನಿಗಳ ನೌಕರಿಯ ಮೇಲೆ. ಇದರ ಜೊತೆಗೆ ಗೆದ್ದ ಪ್ರತಿ ಪಂದ್ಯಕ್ಕೆ ಆಟಗಾರನಿಗೆ 50,000 ರೂಪಾಯಿ ಕೊಡುವ ಪದ್ಧತಿಯನ್ನು ಹಾಕಿ ಇಂಡಿಯಾ 2022ರಲ್ಲಿ ತಂದಿತು. ದೊಡ್ಡ ಹಣ ಬರುವುದು ಹಾಕಿ ಇಂಡಿಯಾ ಲೀಗ್‌ನಿಂದ. 2013ರಲ್ಲಿ ಶುರುವಾಗಿ 2017ರ ನಂತರ ನಿಂತುಹೋಗಿದ್ದ ಲೀಗ್ ಏಳು ವರ್ಷಗಳ ಬಳಿಕ ಮತ್ತೆ ಆರಂಭವಾಯಿತು. 2024ರ ಅಕ್ಟೋಬರ್ ಹರಾಜಿನಲ್ಲಿ ಪುರುಷರ ಪ್ರತಿ ತಂಡಕ್ಕೆ ಖರ್ಚಿನ ಮಿತಿ 4 ಕೋಟಿ ರೂಪಾಯಿ. ಆ ಹಣದಲ್ಲಿ 24 ಜನರ ತಂಡ ಕಟ್ಟಬೇಕು. ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರನ್ನು ಸೂರ್ಮಾ ತಂಡ 78 ಲಕ್ಷಕ್ಕೆ ಕೊಂಡಿತು. ಮಿತಿಯ ಐದನೆಯ ಒಂದು ಪಾಲು ಒಬ್ಬನಿಗೇ ಹೋದರೆ ಉಳಿದ 23 ಜನರಿಗೆ ಉಳಿಯುವುದು ಮೂರು ಕೋಟಿ ಚಿಲ್ಲರೆ. ಪೆನಾಲ್ಟಿ ಕಾರ್ನರ್ ಪರಿಣತನೊಬ್ಬನಿಗೆ ಇಷ್ಟು ಕೊಡಬೇಕೋ, ಅದೇ ಹಣದಲ್ಲಿ ಮಧ್ಯಮ ಪಂಕ್ತಿಗೆ ಇಬ್ಬರನ್ನು ತರಬೇಕೋ ಎಂಬ ಚರ್ಚೆಗೆ ಲೀಗ್ ಅವಕಾಶ ಕೊಟ್ಟಿದೆ. ಪ್ಯಾರಿಸ್‌ನಲ್ಲಿ ಹರ್ಮನ್‌ಪ್ರೀತ್ 10 ಗೋಲು ಹೊಡೆದಿದ್ದರು. ಆ ಲೆಕ್ಕ ಹಿಡಿದರೆ 78 ಲಕ್ಷ ಅತಿಯಾಗಲಿಲ್ಲ.

ಹೀಗೆ ಮರಳಿ ಬಂದ ಲೀಗ್‌ನ ಎಂಟು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಆದರೆ ರಾಷ್ಟ್ರೀಯ ಶಿಬಿರ ನಡೆಯುವುದು ಬೆಂಗಳೂರಿನಲ್ಲಿ. ಕೊಡಗಿನ ಕೌಟುಂಬಿಕ ಹಾಕಿ ಉತ್ಸವದಲ್ಲಿ 2024ರಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ರಿಯೊ ತಂಡದಲ್ಲಿ ರಾಜ್ಯದವರಾದ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಇದ್ದರು. ಟೋಕಿಯೊ, ಪ್ಯಾರಿಸ್ ತಂಡಗಳಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ರಾಷ್ಟ್ರೀಯ ಕೋಚ್ ಯಾರಾಗಬೇಕೆಂದು ವಾದಿಸುವ ಇಲ್ಲಿನ ಹಾಕಿ ಪ್ರಿಯರು ಈ ಸ್ಥಿತಿ ಏಕೆ ಬಂತೆಂಬ ಪ್ರಶ್ನೆಯನ್ನು ರಾಜ್ಯದ ಹಾಕಿ ಸಂಸ್ಥೆಯ ಮುಂದೆಯೂ ಇಡಬೇಕು.

ಫುಲ್ಟನ್ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನ, 2024ರಲ್ಲಿ ಪ್ಯಾರಿಸ್ ಕಂಚು ಗೆಲ್ಲಿಸಿಕೊಟ್ಟರು. ರಕ್ಷಣೆಯೇ ಮೊದಲು ಎನ್ನುವ ಅವರ ಶೈಲಿ ಭಾರತದ ಸಹಜ ಆಕ್ರಮಣದ ಆಟಕ್ಕೆ ಒಗ್ಗದು ಎಂದವರು ಬಹಳ ಜನ. ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ 17ನೆಯ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಸಿಕ್ಕಿತು. ಉಳಿದ 43 ನಿಮಿಷ ಹತ್ತೇ ಜನ ಆಡಬೇಕಾಯಿತು. ಮಧ್ಯಮ ಪಂಕ್ತಿಯ ಮನ್‌ಪ್ರೀತ್ ಸಿಂಗ್ ರಕ್ಷಣೆಗೆ ಇಳಿದರು, ಬ್ರಿಟನ್ ಅಲೆಯಲೆಯಾಗಿ ನುಗ್ಗಿಬಂದರೂ ಭಾರತ ಬಿಟ್ಟುಕೊಟ್ಟದ್ದು ಒಂದೇ ಗೋಲು. ಪಂದ್ಯ 1-1ರಲ್ಲಿ ನಿಂತಿತು. ಶೂಟೌಟ್ 4-2ರಿಂದ ಭಾರತದ್ದಾಯಿತು. ಟೀಕೆಗೊಳಗಾದ ಆ ರಕ್ಷಣಾ ಶಿಸ್ತೇ ಅಂದು ತಂಡವನ್ನು ಉಳಿಸಿತು.

2025ರ ಜೂನ್‌ನಲ್ಲಿ ಯುರೋಪಿನಲ್ಲಿ ನಡೆದ ಪ್ರೊ ಲೀಗ್‌ನಲ್ಲಿ ಅದೇ ತಂಡ ಸತತ ಏಳು ಪಂದ್ಯ ಸೋತು, ಒಂಬತ್ತು ತಂಡಗಳಲ್ಲಿ ಎಂಟನೆಯದಾಯಿತು. ಕೋಚ್ ಬದಲಾಗಬೇಕೆಂಬ ಕೂಗು ಮತ್ತೆ ಎದ್ದಿತು. ಹಾಕಿ ಇಂಡಿಯಾ ಈ ಬಾರಿ ಆ ಕೂಗಿಗೆ ಮಣಿಯಲಿಲ್ಲ. ಸೆಪ್ಟೆಂಬರ್ 7ರಂದು ಬಿಹಾರದ ರಾಜಗೀರ್‌ನಲ್ಲಿ ಫುಲ್ಟನ್ ಅವರ ತಂಡ ದಕ್ಷಿಣ ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾಕಪ್ ಗೆದ್ದಿತು, 2026ರ ವಿಶ್ವಕಪ್‌ಗೆ ನೇರ ಅರ್ಹತೆ ಪಡೆಯಿತು.